ಮುಗ್ಧತೆ ಯಾರ ಪಾಲು? ಕನ್ನಡ ಕಥನದಲ್ಲಿ ಮಕ್ಕಳು ಮತ್ತು ತಾರತಮ್ಯ

ಸಮಾಜದ ಕೇಡನ್ನು ತೋರಿಸಲು ಮಗುವೊಂದನ್ನು ಕಥೆಯ ನಡುವೆ ನಿಲ್ಲಿಸುವುದು ಲೋಕದ ಕಥೆಗಾರರೆಲ್ಲ ಬಲ್ಲ ದಾರಿ. ದೊಡ್ಡವರಿಗೆ ರೂಢಿಯಾಗಿ ಹೋದದ್ದು ಮಗುವಿನ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆ. ಅದು ಕೇಳುವ ಪೆದ್ದು ಪ್ರಶ್ನೆಗೆ ಹಿರಿಯರ ಬಳಿ ಉತ್ತರವಿರುವುದಿಲ್ಲ. 1960ರಲ್ಲಿ ಬಂದ ಹಾರ್ಪರ್ ಲೀಯ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯ ಸ್ಕೌಟ್ ಎಂಬ ಬಿಳಿಯ ಹುಡುಗಿ ಅಮೆರಿಕದ ವರ್ಣಭೇದವನ್ನು ಓದುಗರಿಗೆ ಕಾಣಿಸಿದ್ದು ಹೀಗೆಯೇ.

ಈ ದಾರಿಯ ಹಿಂದೆ ಒಂದು ನಂಬಿಕೆ ಇದೆ: ಮಗುವಿಗೆ ಇನ್ನೂ ಏನೂ ಗೊತ್ತಿಲ್ಲ, ಆದ್ದರಿಂದಲೇ ಅದು ನಿಜವನ್ನು ಕಾಣುತ್ತದೆ. ಕನ್ನಡದ ಕಥೆ, ಕಾದಂಬರಿ, ಸಿನಿಮಾಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ಈ ನಂಬಿಕೆ ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಏನೂ ಗೊತ್ತಿಲ್ಲದೆ ಎಂಟು ಹತ್ತು ವರ್ಷ ಬೆಳೆಯುವ ಅನುಕೂಲ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಊರಿನೊಳಗಿನ ಹುಡುಗ ಕಣ್ಣರಳಿಸಿ ನೋಡುವ ಸಂಗತಿ ಕೇರಿಯ ಹುಡುಗನಿಗೆ ನಡೆಯಲು ಕಲಿಯುವ ಹೊತ್ತಿಗೇ ಗೊತ್ತಿರುತ್ತದೆ: ಯಾವ ಬಾವಿಯ ಹತ್ತಿರ ಹೋಗಬಾರದು, ಯಾವ ಜಗಲಿ ಹತ್ತಬಾರದು, ಯಾರು ಎದುರಾದರೆ ಪಕ್ಕಕ್ಕೆ ಸರಿಯಬೇಕು. ಮುಗ್ಧತೆಯೂ ಜಮೀನಿನ ಹಾಗೆ ಕೆಲವರ ಪಾಲಿಗೆ ಬಂದ ಆಸ್ತಿ. ನಮ್ಮ ಕಥನ ಇದನ್ನು ಎಷ್ಟರ ಮಟ್ಟಿಗೆ ಅರಿತಿದೆ ಎಂಬುದು ಈ ಸಮೀಕ್ಷೆಯ ಪ್ರಶ್ನೆ.

ಬಲಿಯಾದ ಮಕ್ಕಳು

ಶಿವರಾಮ ಕಾರಂತರ 'ಚೋಮನ ದುಡಿ' (1933) ಒಬ್ಬ ತಂದೆಯ ಕಥೆ. ಸ್ವಂತದ ತುಂಡು ನೆಲ ಉಳಬೇಕೆಂಬ ಚೋಮನ ಆಸೆ, ಹೊಲೆಯನಿಗೆ ಬೇಸಾಯದ ಹಕ್ಕಿಲ್ಲವೆನ್ನುವ ಊರಿನ ಕಟ್ಟಳೆ, ಅವನ ಸಿಟ್ಟನ್ನು ತಾಳುವ ದುಡಿ ಇವೆಲ್ಲ ಓದುಗರಿಗೆ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ, ಆ ಕಟ್ಟಳೆಯ ಬೆಲೆ ತೆರುವವರು ಅವನ ಐವರು ಮಕ್ಕಳು ಎಂಬುದು. ಅಪ್ಪನ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವವರು ಅವರು. ಸಾಲದ ಲೆಕ್ಕ ಚುಕ್ತಾ ಆಗುವುದು ಮಗಳು ಬೆಳ್ಳಿಯ ಮೈಯ ಮೇಲೆ.

ಕಿರಿಯವನು ನೀಲ ಹೊಳೆಯಲ್ಲಿ ಮುಳುಗುವ ಪ್ರಸಂಗವನ್ನು ಕಾರಂತರು ಹೆಚ್ಚು ಮಾತಿಲ್ಲದೆ ಬರೆದಿದ್ದಾರೆ. ದಡದಲ್ಲಿ ಜನರಿದ್ದಾರೆ. ಈಜು ಬಲ್ಲವರೂ ಇದ್ದಾರೆ. ನೀರಿಗಿಳಿಯಲು ಮುಂದಾದ ಬ್ರಾಹ್ಮಣ ತರುಣನನ್ನು ಜೊತೆಯವರು ತಡೆಯುತ್ತಾರೆ, ಮುಳುಗುತ್ತಿರುವುದು ಹೊಲೆಯರ ಹುಡುಗ ಎಂಬ ಕಾರಣಕ್ಕೆ. ಯಾರೂ ಅವನನ್ನು ಕೊಲ್ಲಲಿಲ್ಲ. ಯಾರೂ ಮುಟ್ಟಲಿಲ್ಲ, ಅಷ್ಟೆ. ಅಸ್ಪೃಶ್ಯತೆ ಕೊಲ್ಲುವ ಬಗೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಪ್ರಸಂಗ ಆ ಕಾಲದ ಕನ್ನಡದಲ್ಲಿ ವಿರಳ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು. ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು.

ಆದರೂ ನೀಲ ಕಥಾನಾಯಕನಲ್ಲ. ಅವನು ಏನು ಕಂಡ, ಏನು ಬಯಸಿದ ಎಂಬುದು ನಮಗೆ ತಿಳಿಯುವುದಿಲ್ಲ. ಸುಧಾರಣೆಯ ಹುರುಪಿನ ಆ ಕಾಲದಲ್ಲಿ ಮಗು ಓದುಗನ ಆತ್ಮಸಾಕ್ಷಿಯನ್ನು ಎಬ್ಬಿಸುವ ಬಲಿ. ಅದರ ಸಾವಿಗೆ ಕಣ್ಣೀರು ಸಿಗುತ್ತದೆ, ಅದರ ಮಾತಿಗೆ ಜಾಗ ಸಿಗುವುದಿಲ್ಲ.

ಸಾಕ್ಷಿಯಾದ ಮಕ್ಕಳು

ನವ್ಯದ ಕಾಲಕ್ಕೆ ಮಗುವಿಗೆ 'ನಾನು' ಎನ್ನುವ ಅಧಿಕಾರ ಬಂತು. ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಕೊಡಬೇಕಾದದ್ದೂ ಹೌದು. ಮಲೆನಾಡಿನ ಅಗ್ರಹಾರಕ್ಕೆ ವೇದಪಾಠ ಕಲಿಯಲು ಬಂದ ಹುಡುಗ ಗುರುಗಳಾದ ಉಡುಪರ ಮನೆಯಲ್ಲಿದ್ದಾನೆ. ಊರಿನ ನೆನಪಾಗಿ ಅಳುವ ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವವಳು ಉಡುಪರ ಮಗಳು ಯಮುನಕ್ಕ, ಎಳೆಯ ವಿಧವೆ. ಅವಳು ಬಸುರಿ ಎಂಬ ಗುಟ್ಟು ಅಗ್ರಹಾರದ ತುಂಬ ಹಬ್ಬುತ್ತದೆ. ಕೊನೆಗೆ ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ, ಗಡಿಗೆ ಒಡೆದು, ಅವಳನ್ನು ಜಾತಿಯಿಂದ ಹೊರಗೆ ಹಾಕುತ್ತಾನೆ.

ಕಥೆಯ ಬಲವಿರುವುದು ಹುಡುಗನಿಗೆ ಎಷ್ಟು ಗೊತ್ತು ಎಂಬುದನ್ನು ಲೇಖಕರು ಅಳೆದು ತೂಗಿ ಇಟ್ಟಿರುವುದರಲ್ಲಿ. ಯಮುನಕ್ಕನಿಗೆ ಏನಾಗಿದೆಯೆಂದು ಅವನಿಗೆ ಪೂರ್ತಿ ತಿಳಿಯದು. ಅವಳು ಸಾಯಲು ಹೊರಟು ಹುತ್ತಕ್ಕೆ ಕೈಯಿಡುವಾಗ ಜೊತೆಗಿರುವವನು ಅವನೊಬ್ಬನೇ. ಕತ್ತಲು, ಕಾಡು, ಹಾವಿನ ಭಯಗಳಿಂದ ನಡುಗುತ್ತಿರುವ ಮಗುವಿನ ಮೂಲಕ ಓದುಗ ಅಗ್ರಹಾರದ ನಿಜವಾದ ಭಯ ಯಾವುದೆಂದು ಕಂಡುಕೊಳ್ಳುತ್ತಾನೆ. 1977ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು ತಮ್ಮ ಮೊದಲ ಸಿನಿಮಾ ಮಾಡಿದಾಗ ನಾಣಿ ಎಂಬ ಆ ಹುಡುಗನ ನೋಟವನ್ನೇ ಕ್ಯಾಮೆರಾದ ನೋಟವಾಗಿಸಿಕೊಂಡರು. ಅದಕ್ಕೂ ಸ್ವರ್ಣಕಮಲ ಸಂದಿತು.

ಇಲ್ಲಿ ಎರಡು ಮಾತು ಗಮನಿಸಬೇಕು. ಮೊದಲನೆಯದು, ನಾಣಿ ಒಳ್ಳೆಯ ಮಗು, ಆದರೆ ಅವನಿಂದ ಏನೂ ಆಗುವುದಿಲ್ಲ. ಅಪ್ಪ ಬಂದು ಊರಿಗೆ ಕರೆದುಕೊಂಡು ಹೋಗುತ್ತಾನೆ, ಯಮುನಕ್ಕ ಅಲ್ಲೇ ಉಳಿಯುತ್ತಾಳೆ. ನೋಡಿದವನಿಗೆ ಹಿಂದಿರುಗಲು ಮನೆಯಿದೆ, ನೋಡಿಸಿಕೊಂಡವಳಿಗೆ ಇಲ್ಲ. ಎರಡನೆಯದು, ಇದೇ ಮನೆಯಲ್ಲಿ ಪಾಠಕ್ಕಿರುವ ದೊಡ್ಡ ಹುಡುಗ ಶಾಸ್ತ್ರಿ ಯಮುನಕ್ಕನ ಮೇಲೆ ಕಣ್ಣಿಟ್ಟು, ಹುಡುಗನನ್ನು ಗದರಿಸಿ, ಸುದ್ದಿ ಹಬ್ಬಿಸುತ್ತಾನೆ. ಅವನೂ ವಿದ್ಯಾರ್ಥಿಯೇ. ನಾಣಿಯ ಮುಗ್ಧತೆಯ ಪಕ್ಕದಲ್ಲಿ ಶಾಸ್ತ್ರಿಯ ಪಳಗಿದ ಕ್ರೌರ್ಯವನ್ನು ಇಟ್ಟದ್ದರಿಂದ ಕಥೆ ಭಾವುಕತೆಗೆ ಬೀಳದೆ ಪಾರಾಗಿದೆ.

ವೈದೇಹಿಯವರ 'ಅಮ್ಮಚ್ಚಿಯೆಂಬ ನೆನಪು' ಕಥೆಯಲ್ಲೂ ಹೇಳುವವಳು ಚಿಕ್ಕ ಹುಡುಗಿ. ಅಮ್ಮಚ್ಚಿ ಉಡುವುದಕ್ಕೆ, ನಗುವುದಕ್ಕೆ, ಪೇಟೆಗೆ ಹೋಗುವುದಕ್ಕೆಲ್ಲ ವೆಂಕಪ್ಪಯ್ಯ ಎಂಬವನು ಅಡ್ಡ ಬರುತ್ತಾನೆ. ಮನೆಯ ಹಿರಿಯರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ನಾಣಿಗಿಂತ ಈ ಹುಡುಗಿಯ ಸ್ಥಿತಿ ಬೇರೆ. ಅವಳು ನೋಡುತ್ತಿರುವುದು ಬೇರೊಬ್ಬರ ಸಂಕಟ ಮಾತ್ರವಲ್ಲ, ಇನ್ನು ಐದಾರು ವರ್ಷದಲ್ಲಿ ತನಗೆ ಬರಬಹುದಾದ ಪಾಳಿ. ಹೆಣ್ಣುಮಗು ಸಾಕ್ಷಿಯಾದಾಗ ಸಾಕ್ಷಿಗೂ ಆರೋಪಿಯ ಕಟಕಟೆಗೂ ನಡುವಿನ ಅಂತರ ಬಹಳ ಕಡಿಮೆ.

ಮೊದಲೇ ಗೊತ್ತಿರುವ ಮಕ್ಕಳು

1973ರಲ್ಲಿ ಎರಡು ಘಟನೆಗಳು ನಡೆದವು. ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತಿಗೆ ರಾಜ್ಯದ ತುಂಬ ಗಲಾಟೆಯಾಯಿತು. ಅದೇ ವರ್ಷ ದೇವನೂರ ಮಹಾದೇವರ ಮೊದಲ ಕಥಾಸಂಕಲನ 'ದ್ಯಾವನೂರು' ಹೊರಬಂತು. ಕೇರಿಯ ಬದುಕು ಕೇರಿಯ ಮಾತಿನಲ್ಲೇ ಕನ್ನಡ ಕಥೆಯೊಳಕ್ಕೆ ಬಂದದ್ದು ಹೀಗೆ. ಅದರ ಜೊತೆಗೆ ಬೇರೆ ಬಗೆಯ ಮಗುವೂ ಬಂತು.

ಆ ಸಂಕಲನದ 'ಅಮಾಸ' ಕಥೆಯ ಹುಡುಗ ಅನಾಥ. ಮಾರಿಗುಡಿಯೇ ಅವನ ಮನೆ, ಮುದುಕ ಕುರಿಯಯ್ಯನೇ ಅವನಿಗೆ ಎಲ್ಲ. ಅಮಾಸ ಯಾವುದನ್ನೂ ಕಂಡು ಬೆರಗಾಗುವುದಿಲ್ಲ. ಯಾಕೆ ಹೀಗೆ ಎಂದು ಕೇಳುವುದಿಲ್ಲ. ಊರಿನ ಕಟ್ಟು ಅವನಿಗೆ ಗಾಳಿ, ಬಿಸಿಲಿನಷ್ಟೇ ಸಹಜ. ಹಬ್ಬದ ದಿನ ಹುಲಿಯಾಗಿ ಕುಣಿಯುವಾಗ ಮಾತ್ರ ಊರು ಕಣ್ಣೆತ್ತಿ ಅವನನ್ನು ನೋಡುತ್ತದೆ. ಬಣ್ಣ ತೊಳೆದ ಮರುದಿನ ಅವನು ಮತ್ತೆ ಮಾರಿಗುಡಿಯ ಹುಡುಗ. ಅಮಾಸನ ಬಗ್ಗೆ ಮರುಕ ಪಡಿ ಎಂದು ಕಥೆ ಎಲ್ಲೂ ಕೈಹಿಡಿದು ಎಳೆಯುವುದಿಲ್ಲ.

ದೇವನೂರರದೇ 'ಒಡಲಾಳ'ದ ಕಡಲೆಕಾಯಿ ಪ್ರಸಂಗ ಇನ್ನೂ ಒಂದು ಹೆಜ್ಜೆ ಮುಂದಿನದು. ಸಾಹುಕಾರನ ಕಡಲೆಕಾಯಿ ಸಾಕವ್ವನ ಹಟ್ಟಿಗೆ ಬಂದುಬಿಟ್ಟಿದೆ. ರಾತ್ರಿ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ, ಸಿಪ್ಪೆಯನ್ನು ಬೆಂಕಿಗೆ ಹಾಕುತ್ತಾರೆ. ಹೊಟ್ಟೆ ತುಂಬ ತಿನ್ನುವ ಸುಖ ಮತ್ತು ಗುರುತು ಉಳಿಸಬಾರದೆಂಬ ಎಚ್ಚರ ಎರಡೂ ಒಟ್ಟಿಗೆ ನಡೆಯುತ್ತವೆ. ಮಕ್ಕಳೂ ಆ ಎಚ್ಚರದೊಳಗೇ ಇದ್ದಾರೆ. ಅವರನ್ನು ಮಲಗಿಸಿ ದೊಡ್ಡವರು ಗುಟ್ಟು ಮಾಡುವುದಿಲ್ಲ. ಪೊಲೀಸರು ಬಂದು ಹಟ್ಟಿ ಜಾಲಾಡುವಾಗ ಏನು ಹೇಳಬಾರದೆಂದು ಮನೆಯ ಎಲ್ಲರಿಗೂ ಗೊತ್ತು. ಸ್ಕೌಟ್‌ಗೆ ಅಪ್ಪ ಕೂರಿಸಿಕೊಂಡು ವಿವರಿಸಬೇಕಾದ ಪಾಠವನ್ನು ಈ ಮಕ್ಕಳು ಕಡಲೆಕಾಯಿ ತಿನ್ನುತ್ತಲೇ ಕಲಿತಿದ್ದಾರೆ. ಈ ಪ್ರಸಂಗದಲ್ಲಿ ನಗುವೂ ಇದೆ. ಬಡತನದ ಮಗು ಎಂದರೆ ಸದಾ ಅಳುವ ಮಗು ಎಂದುಕೊಂಡವರಿಗೆ ದೇವನೂರರು ಕೊಟ್ಟ ಉತ್ತರ ಇದು.

ಕಥನದ ಕಟ್ಟಿನಲ್ಲಿ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ನಾಣಿಗೆ ದೊರೆತ 'ನಾನು' ಅಮಾಸನಿಗೆ ದೊರೆತಿಲ್ಲ. ಅವನ ಕಥೆಯನ್ನು ಊರಿನ ದನಿಯೊಂದು ಹೇಳುತ್ತದೆ. ಕನ್ನಡದಲ್ಲಿ ದಲಿತ ಮಗು ತನ್ನ ಕಥೆಯನ್ನು ತಾನೇ ಹೇಳಿಕೊಂಡದ್ದು ಹೆಚ್ಚಾಗಿ ಆತ್ಮಕಥನಗಳಲ್ಲಿ: ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ'. ಬಾಲ್ಯದ ಅವಮಾನಗಳನ್ನು ಮಾಲಗತ್ತಿ ಸಿಟ್ಟಿನಿಂದ ನೆನೆದರೆ ಸಿದ್ಧಲಿಂಗಯ್ಯ ತುಂಟತನದಿಂದ ನೆನೆಯುತ್ತಾರೆ. ಎರಡರಲ್ಲೂ ಶಾಲೆಯೇ ರಣರಂಗ. ಮೇಲುಜಾತಿಯ ಬಾಲ್ಯ ಕಲ್ಪನೆಯ ಕಥೆಯಾಯಿತು, ದಲಿತ ಬಾಲ್ಯ ಸಾಕ್ಷ್ಯದ ದಾಖಲೆಯಾಯಿತು. ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ, ಬೇರೆ ಕೊನೆಯನ್ನು ಬರೆಯುವ ಸ್ವಾತಂತ್ರ್ಯ ಮೊದಲನೆಯವರಿಗೆ ಹೆಚ್ಚು ಸಿಕ್ಕಿತು.

ಶಾಲೆಯ ಪ್ರಶ್ನೆಯನ್ನು ತೆರೆಯ ಮೇಲೆ ನೇರವಾಗಿ ಎತ್ತಿಕೊಂಡದ್ದು ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ 'ಕೊಟ್ರೇಶಿ ಕನಸು' (1994). ದಲಿತ ಹುಡುಗನೊಬ್ಬ ಓದಿನಲ್ಲಿ ಮುಂದೆ ಬಂದರೆ ಊರಿನ ದೊಡ್ಡವರಿಗೆ ಆಗುವ ಕಿರಿಕಿರಿಯೇ ಅದರ ವಸ್ತು. ನೀಲ ಮುಳುಗುವಾಗ ಊರು ಸುಮ್ಮನೆ ನಿಂತಿತ್ತು; ಕೊಟ್ರೇಶಿ ಏಳುವಾಗ ಊರು ಎದ್ದು ನಿಲ್ಲುತ್ತದೆ. ಅರುವತ್ತು ವರ್ಷಗಳಲ್ಲಿ ತಾರತಮ್ಯದ ರೂಪ ಬದಲಾದ ಬಗೆ ಈ ಎರಡು ಹುಡುಗರ ನಡುವೆ ಇದೆ. ಕೊಟ್ರೇಶಿಯಾಗಿ ನಟಿಸಿದ ವಿಜಯ ರಾಘವೇಂದ್ರ ಅವರಿಗೆ ಆ ವರ್ಷ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ನೆರೆಯ ಭಾಷೆಗಳು ಈ ದಾರಿಯಲ್ಲಿ ಇನ್ನಷ್ಟು ದೂರ ಹೋಗಿವೆ. ತಮಿಳಿನ ಪೆರುಮಾಳ್ ಮುರುಗನ್ 'ಕೂಳಮಾದಾರಿ' (2000) ಕಾದಂಬರಿಯನ್ನು ಗೌಂಡರ ಹೊಲದಲ್ಲಿ ಜೀತಕ್ಕಿರುವ, ಕುರಿ ಮೇಯಿಸುವ ಹುಡುಗನ ಸುತ್ತಲೇ ಪೂರ್ತಿ ಕಟ್ಟಿದರು. ಮರಾಠಿಯ ನಾಗರಾಜ ಮಂಜುಳೆಯವರ 'ಫಂಡ್ರಿ' (2013) ಸಿನಿಮಾದಲ್ಲಿ ಹುಡುಗ ಜಬ್ಯಾ ತನ್ನ ಮನೆಯವರೊಂದಿಗೆ ಊರಿನ ಹಂದಿ ಹಿಡಿಯಬೇಕು. ಅವನ ತರಗತಿಯವರು, ಅವನು ಮನಸೋತ ಹುಡುಗಿಯೂ ಸೇರಿ, ನಿಂತು ನೋಡಿ ನಗುತ್ತಾರೆ. ಹಂದಿ ಇನ್ನೇನು ಸಿಕ್ಕಿತು ಎನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಮನೆಮಂದಿಯೆಲ್ಲ ನೆಟ್ಟಗೆ ನಿಲ್ಲುತ್ತಾರೆ, ಹಂದಿ ತಪ್ಪಿಸಿಕೊಳ್ಳುತ್ತದೆ. ಕೊನೆಗೆ ಜಬ್ಯಾ ಎಸೆದ ಕಲ್ಲು ಬರುವುದು ನೋಡುಗರ ಕಡೆಗೇ. ಅದುವರೆಗೆ ಮರುಕದಿಂದ ನೋಡುತ್ತ ಕೂತವರನ್ನು ಆ ಹುಡುಗ ನಗುವವರ ಸಾಲಿಗೇ ಸೇರಿಸಿಬಿಡುತ್ತಾನೆ.

ಹೆಣ್ಣುಮಕ್ಕಳ ಪಾಡು

ಜಾತಿಯ ಕಥೆಗಳಲ್ಲಿ ಗಂಡುಮಗುವಿಗೆ ಬಾಲ್ಯ ಎಂಬ ಹೊತ್ತಾದರೂ ಇದೆ. ಹೆಣ್ಣಿನ ಕಥೆಗಳಲ್ಲಿ ಆ ಹೊತ್ತೇ ಕೈತಪ್ಪುತ್ತದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಲೇಖಕಿಯ ಬಂಧುಬಳಗದಲ್ಲೇ ಬದುಕಿದ್ದ ಹಿರಿಯ ಹೆಂಗಸಿನ ಬಾಳನ್ನು ಆಧರಿಸಿದ ಕಾದಂಬರಿ. ಮದುವೆ ಎಂದರೇನೆಂದು ತಿಳಿಯುವ ಮೊದಲೇ ಫಣಿ ವಿಧವೆ. ಮೈನೆರೆದ ಮೇಲೆ ತಲೆ ಬೋಳು, ಒಪ್ಪೊತ್ತಿನ ಊಟ, ಮಡಿ. ಹುಡುಗಿಯರ ಮದುವೆಗೆ 14 ವರ್ಷವೆಂದು ಮಿತಿ ಹಾಕಿದ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಫಣಿಯ ಬಾಲ್ಯ ಅದಕ್ಕೆ ಎಷ್ಟೋ ಹಿಂದಿನದು. ಕಾದಂಬರಿ ಅಲ್ಲಿಗೇ ನಿಂತಿದ್ದರೆ ಗೋಳಿನ ಕಥೆಯಾಗುತ್ತಿತ್ತು. ಮುಂದೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಹಿರಿಯರೆಲ್ಲ ಎಗರಾಡುವಾಗ ಅವಳ ಪರ ನಿಲ್ಲುವವಳು ಮುದಿ ಫಣಿಯಮ್ಮ. ತನಗೆ ಸಿಗದ ಹುಡುಗುತನವನ್ನು ಇನ್ನೊಬ್ಬಳಿಗೆ ಬಿಡಿಸಿಕೊಡುವ ಈ ನಡೆಯಿಂದಲೇ ಪುಸ್ತಕಕ್ಕೆ ತೂಕ ಬಂದಿದೆ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದರು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾಯಿತು. ಕಾಸರಗೋಡು ಸೀಮೆಯ ನಾದಿರಾ ಗಂಡನ ಜೊತೆ ಸುಖವಾಗಿಯೇ ಇದ್ದಾಳೆ. ದುಡ್ಡಿನ ಜಗಳಕ್ಕೆ ಅಪ್ಪ ಅವಳನ್ನು ಮನೆಗೆ ಎಳೆತಂದು ತಲಾಖ್ ಕೊಡಿಸುತ್ತಾನೆ. ಮರಳಿ ಗಂಡನನ್ನು ಸೇರಬೇಕೆಂದರೆ ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನ ಹೆಂಡತಿಯಾಗಬೇಕು. ಅವಳು ಮಸೀದಿಯ ಕೊಳವನ್ನು ಆರಿಸಿಕೊಳ್ಳುತ್ತಾಳೆ. ನಾದಿರಾಳನ್ನು ಎಲ್ಲರೂ ಕೊಡುವ, ತೆಗೆದುಕೊಳ್ಳುವ ವಸ್ತುವಿನಂತೆ ಕಾಣುತ್ತಾರೆ. ಅವಳೇ ತೆಗೆದುಕೊಂಡ ಒಂದೇ ತೀರ್ಮಾನ ಅವಳ ಕೊನೆಯದು.

ಬಾನು ಮುಷ್ತಾಕ್ ಅವರ ಕಥೆಗಳಲ್ಲಿ ಮಕ್ಕಳು ನಾದಿರಾಳಿಗಿಂತ ಗಟ್ಟಿಗರು. 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ'ಯಲ್ಲಿ ಗಂಡನಿಂದ ದೂರವಾದ, ತವರೂ ಕೈಬಿಟ್ಟ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ಅಂಗಳದಲ್ಲಿ ನಿಂತಿದ್ದಾಳೆ. ಅವಳನ್ನು ತಡೆಯುವುದು ಧರ್ಮವೂ ಅಲ್ಲ, ಅಣ್ಣತಮ್ಮಂದಿರೂ ಅಲ್ಲ. ಕೈಗೂಸನ್ನು ಎತ್ತಿಕೊಂಡು ಓಡಿಬಂದ ಹಿರಿಮಗಳು ಸಲ್ಮಾ. ಒಬ್ಬನ ಪ್ರೀತಿ ಕಳೆದುಹೋಯಿತೆಂದು ನಮ್ಮೆಲ್ಲರ ಪ್ರೀತಿಯನ್ನು ಬಿಟ್ಟುಹೋಗುವೆಯಾ ಎಂಬುದು ಅವಳ ವಾದದ ತಿರುಳು. ಹಿರಿಯರು ಮಾಡಬೇಕಿದ್ದ ಕೆಲಸವನ್ನು ಹುಡುಗಿಯೊಬ್ಬಳು ಮಾಡುತ್ತಾಳೆ. ಅದನ್ನು ಮೆಚ್ಚಿಕೊಳ್ಳುವಾಗಲೇ ಇಷ್ಟು ಎಳೆಯ ಹೆಗಲ ಮೇಲೆ ಇಷ್ಟು ಭಾರ ಯಾಕೆ ಬಿತ್ತು ಎಂದೂ ಕೇಳಬೇಕಾಗುತ್ತದೆ. ಅದೇ ಲೇಖಕಿಯ 'ಕೆಂಪು ಲುಂಗಿ'ಯಲ್ಲಿ ಸಿರಿವಂತರ ಮನೆಯ ಹುಡುಗರಿಗೂ ಬಡವರ ಹುಡುಗರಿಗೂ ಒಟ್ಟಿಗೆ ಖತ್ನಾ ಗೊತ್ತಾಗುತ್ತದೆ. ಒಂದೇ ಧರ್ಮ, ಒಂದೇ ವಿಧಿ. ಆರೈಕೆ ಮಾತ್ರ ಬೇರೆ ಬೇರೆ. ಗಾಯ ಮಾಯುವ ಲೆಕ್ಕದಲ್ಲಿ ವರ್ಗದ ಗೆರೆಯನ್ನು ಅವರು ನಗುನಗುತ್ತಲೇ ತೋರಿಸುತ್ತಾರೆ.

ಮಕ್ಕಳು ಓದುವ ಪುಸ್ತಕದಲ್ಲಿ?

ಇದುವರೆಗೆ ಹೆಸರಿಸಿದ ಬರಹಗಳೆಲ್ಲ ಮಕ್ಕಳ ಬಗ್ಗೆ ದೊಡ್ಡವರಿಗಾಗಿ ಬರೆದವು. ಮಕ್ಕಳಿಗೆಂದೇ ಬರೆದದ್ದರ ಕಥೆ ಬೇರೆ. ಪಂಜೆ, ರಾಜರತ್ನಂ, ಕಾರಂತರ 'ಬಾಲ ಪ್ರಪಂಚ', ಆಮೇಲೆ 'ಚಂದಮಾಮ'ಗಳ ಪರಂಪರೆ ದೊಡ್ಡದು. ಲಯ, ಜ್ಞಾನ, ಸಾಹಸ, ನೀತಿ ಎಲ್ಲವೂ ಅಲ್ಲಿ ಧಾರಾಳ. ಜಾತಿ ಮಾತ್ರ ಅಪರೂಪ. ಬಡ ಹುಡುಗನಿಗೆ ಜಾಗವಿತ್ತು, ಅವನು ಪ್ರಾಮಾಣಿಕನಾಗಿದ್ದರೆ ಬಹುಮಾನವೂ ಇತ್ತು. ಅವನ ಮನೆ ಊರಿನ ಯಾವ ದಿಕ್ಕಿಗಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಮಕ್ಕಳಿಗೆ ಇದೆಲ್ಲ ಯಾಕೆ ಎಂಬ ಕಾಳಜಿ ಇದರ ಹಿಂದಿತ್ತು. ಆದರೆ ಯಾವ ಮಕ್ಕಳಿಗೆ? ಬಿಸಿಯೂಟದ ಸಾಲಿನಲ್ಲಿ ತನ್ನ ಪಕ್ಕ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂದು ದಿನವೂ ನೋಡುವ ಮಗುವಿನಿಂದ ಪುಸ್ತಕ ಏನನ್ನು ಬಚ್ಚಿಡಬಲ್ಲದು?

ಈ ಮೌನ ಈಚೆಗೆ ಅಲ್ಲಲ್ಲಿ ಬಿರಿಯುತ್ತಿದೆ. ಶರಾವತಿಯ ಮುಳುಗಡೆಯನ್ನು ಬಾಳಿಡೀ ಬರೆದ ನಾ. ಡಿಸೋಜರು ಅದೇ ನೋವನ್ನು 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಯಾಗಿಸಿದರು. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು. ತೆರೆಯ ಮೇಲೆ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' (2018) ಗಡಿನಾಡಿನ ಕನ್ನಡ ಮಕ್ಕಳು ತಮ್ಮ ಶಾಲೆಗಾಗಿ ಹೋರಾಡುವುದನ್ನು ಹಾಡು, ನಗೆಯ ನಡುವೆ ತೋರಿಸಿ ಗೆದ್ದಿತು. ಕಾ.ತ. ಚಿಕ್ಕಣ್ಣನವರ ಕಥೆಯಿಂದ ಚಂಪಾ ಶೆಟ್ಟಿ ಮಾಡಿದ 'ಕೋಳಿ ಎಸ್ರು' ಸಿನಿಮಾದಲ್ಲಿ ಪುಟ್ಟ ಹುಡುಗಿಯೊಬ್ಬಳಿಗೆ ಕೋಳಿ ಸಾರು ತಿನ್ನುವ ಆಸೆ. ಅದೊಂದು ಆಸೆಯ ಸುತ್ತ ಹೆಣ್ಣಿನ ದುಡಿಮೆ, ಹಸಿವು, ಮನೆಯ ಗಂಡಸಿನ ದರ್ಪವೆಲ್ಲ ಸುತ್ತಿಕೊಳ್ಳುತ್ತವೆ.

ಹೈದರಾಬಾದಿನ ಅನ್ವೇಷಿ ಸಂಸ್ಥೆ 2008ರ ಹೊತ್ತಿಗೆ 'ಡಿಫರೆಂಟ್ ಟೇಲ್ಸ್' ಎಂಬ ಮಕ್ಕಳ ಪುಸ್ತಕಮಾಲೆಯನ್ನು ತೆಲುಗು, ಮಲಯಾಳಂ, ಇಂಗ್ಲಿಷ್‌ಗಳಲ್ಲಿ ತಂದಿತು. ಗೋಗು ಶ್ಯಾಮಲಾ ಅವರ ದಲಿತ ಮಕ್ಕಳು, ಖದೀರ್ ಬಾಬು ಅವರ ಕಥೆಯಲ್ಲಿ ತಲೆಮಾಂಸದ ಸಾರು ಮಾಡುವ ಮುಸ್ಲಿಂ ಮನೆ ಅಲ್ಲಿವೆ. ಆ ಕಥೆಗಳು ಯಾರಿಂದಲೂ ಮರುಕ ಬೇಡುವುದಿಲ್ಲ. ಇದು ನಮ್ಮ ಮನೆ, ಇದು ನಮ್ಮ ಅಡುಗೆ ಎಂದು ಹೇಳಿ ಆಟಕ್ಕೆ ಹೋಗುತ್ತವೆ. ಕನ್ನಡಕ್ಕೆ ಇಂಥದ್ದೊಂದು ಮಾಲೆ ತುರ್ತಾಗಿ ಬೇಕು.

ಉಳಿದ ಕೆಲಸ

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂರು ಕೊರತೆಗಳು ಕಾಣುತ್ತವೆ. ಒಂದು, ನಮ್ಮ ಕಥನದ ಮಕ್ಕಳು ಬಹುಪಾಲು ಹಳ್ಳಿಯವರು, ಹಿಂದಿನ ಕಾಲದವರು. ಕಲಬುರಗಿ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬಂದು ಕಟ್ಟಡದ ಶೆಡ್ಡಿನಲ್ಲಿ ಬೆಳೆಯುವ ಮಗು, ಪೌರಕಾರ್ಮಿಕರ ಮಗು, ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25ರ ಸೀಟಿನಲ್ಲಿ ಖಾಸಗಿ ಶಾಲೆ ಸೇರಿ ಬರ್ತ್‌ಡೇ ಪಾರ್ಟಿಗಳಿಂದ ಹೊರಗುಳಿಯುವ ಮಗು ಕಥಾನಾಯಕರಾಗುವುದು ವಿರಳ. ಎರಡು, ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಓದುಗರಿಗೆ ಕನ್ನಡದಲ್ಲಿ ಪುಸ್ತಕ ಬಹಳ ಕಡಿಮೆ. ಚಿತ್ರಪುಸ್ತಕ ಮುಗಿಸಿದವರು ನೇರ 'ಮಲೆಗಳಲ್ಲಿ ಮದುಮಗಳು' ಹಿಡಿಯಬೇಕೆಂದರೆ ನಡುದಾರಿಯಲ್ಲೇ ಇಂಗ್ಲಿಷಿಗೆ ಜಾರುತ್ತಾರೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ತಾರತಮ್ಯವನ್ನು ಅನುಭವಿಸುವ ಮಗು ನಮ್ಮಲ್ಲಿದೆ, ನೋಡುವ ಮಗು ಇದೆ. ಮಾಡುವ ಮಗು ಕಥೆಯ ನಡುವೆ ಬರುವುದೇ ಇಲ್ಲ. ಶಾಸ್ತ್ರಿ ಪಕ್ಕದ ಪಾತ್ರವಾಗಿಯೇ ಉಳಿದ. ಜಬ್ಯಾನನ್ನು ನೋಡಿ ನಕ್ಕ ಸಹಪಾಠಿಗಳಲ್ಲಿ ಒಬ್ಬನನ್ನಾದರೂ ನಾಯಕನಾಗಿಸಿ, ಅವನು ಆ ನಗುವನ್ನು ಯಾರಿಂದ, ಯಾವ ಊಟದ ಹೊತ್ತಿನಲ್ಲಿ, ಎಂಥ ಪ್ರೀತಿಯ ಮಾತಿನ ಜೊತೆಗೆ ಕಲಿತ ಎಂದು ಬರೆಯುವ ಕಾದಂಬರಿ ಇನ್ನೂ ಬರಬೇಕು. ಮಡಿ, ಮೈಲಿಗೆಗಳನ್ನು ಮಗುವಿಗೆ ಕಲಿಸುವವರು ಕ್ರೂರಿಗಳೇ ಆಗಬೇಕಿಲ್ಲ. ಬಹಳ ಸಲ ಅದನ್ನು ಅಕ್ಕರೆಯ ಅಜ್ಜಿಯೇ ಕಲಿಸುತ್ತಾಳೆ.

ಮಗು ಮುಗ್ಧ ಎಂಬ ನಂಬಿಕೆಯಿಂದ ದೊಡ್ಡ ಕಥೆಗಳು ಹುಟ್ಟಿದ್ದು ನಿಜ. ಅದೇ ನಂಬಿಕೆ ಓದುಗನಿಗೆ ಒಂದು ರಿಯಾಯಿತಿಯನ್ನೂ ಕೊಡುತ್ತದೆ: ಕೇಡೆಲ್ಲ ದೊಡ್ಡವರದು, ನಾನೂ ಒಮ್ಮೆ ನಾಣಿಯಂತೆ ನಿರ್ಮಲನಾಗಿದ್ದೆ ಎಂದುಕೊಂಡು ಅವನು ಪುಸ್ತಕ ಮುಚ್ಚಬಹುದು. ಆ ರಿಯಾಯಿತಿಯನ್ನು ಕಿತ್ತುಕೊಂಡದ್ದು ಅಮಾಸನಂಥ, ಜಬ್ಯಾನಂಥ ಮಕ್ಕಳು. ಇನ್ನು ಬರೆಯುವವರು ಅಲ್ಲಿಂದ ಮುಂದಕ್ಕೆ ಬರೆಯಬೇಕು.